ಆಲ್ಬಿನಾ ಮನೆಯ ದನಿ ನಿಂತುಹೋದದ್ದು

ಹರಾಜಿನಲ್ಲಿ ಕೊಂಡ ಪೆಟ್ಟಿಗೆಯೊಳಗೆ ಏನೇ ಇದ್ದರೂ ಅದು ಕೊಂಡವರದೇ. ಅಯೋವಾದ ಆ ಪುಟ್ಟ ಊರಿನಲ್ಲಿ ಈ ವಿಷಯದಲ್ಲಿ ಎರಡು ಮಾತಿಲ್ಲ. ಯಾರಾದರೂ ತೀರಿಕೊಂಡರೆ ಅವರ ಮನೆಯ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ. ಲುಮೀರ್ ಹ್ರುಷ್ಕಾ ಹುಲ್ಲಿನ ಬಂಡಿ ಹತ್ತಿ ನಿಂತು ಹರಾಜು ಕೂಗುತ್ತಾನೆ. ಹಳೆಯ ಗುಂಡಿಗಳ ಡಬ್ಬಿ ಕೊಂಡವಳಿಗೆ ಒಳಗೆ ಚಿನ್ನದ ಉಂಗುರ ಸಿಕ್ಕಿದ್ದೂ ಉಂಟು. ಉಂಗುರ ಅವಳದಾಯಿತು, ಯಾರೂ ಚಕಾರ ಎತ್ತಲಿಲ್ಲ.

ಎಮಿಲ್ ಪೇಖಾ ತೀರಿಕೊಂಡಾಗ ಅವನ ಮಾತಾಡುವ ಕಂಪ್ಯೂಟರೂ ಅಂಗಳಕ್ಕೆ ಬಂತು. ಎಮಿಲ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಲುಮೀರನ ಜೊತೆ ಒಂದೇ ಮನೆಯಲ್ಲಿದ್ದ ಅವನ ಅಕ್ಕ ಆಲ್ಬಿನಾಳಿಗೂ ಸಕ್ಕರೆ ಕಾಯಿಲೆಯಿಂದ ದೃಷ್ಟಿ ಹೋಗಿತ್ತು. ವಿಷಯ ಗೊತ್ತಿದ್ದ ಊರವರು ಬೇಕೆಂದೇ ಬೆಲೆ ಏರಿಸದೆ ಬಾಯಿ ಮುಚ್ಚಿಕೊಂಡು ನಿಂತರು. ಯಂತ್ರ ಆಲ್ಬಿನಾಳ ಪಾಲಾಯಿತು.

ಅಲ್ಲಿಂದ ಮುಂದೆ ಅವಳ ಬಾಳೇ ಬದಲಾಯಿತು. ಯಂತ್ರದ ಗಾಜಿನ ಮೇಲೆ ಕಾಗದ ಇಟ್ಟರೆ ಅದು ಹೆಂಗಸಿನ ದನಿಯಲ್ಲಿ ಓದಿ ಹೇಳುತ್ತಿತ್ತು. ಪತ್ರಿಕೆ ಓದುತ್ತಿತ್ತು, ಔಷಧಿಯ ಚೀಟಿ ಓದುತ್ತಿತ್ತು. ಅವಳು ಟೈಪ್ ಮಾಡಿದ್ದನ್ನೂ ಓದುತ್ತಿತ್ತು. ಜಿಲ್ಲೆಯ ವಾರಪತ್ರಿಕೆಗೆ ಊರ ಸುದ್ದಿ ಬರೆಯುವವಳು ಅವಳೇ. ಭಾನುವಾರ ಯಾರ ಮನೆಗೆ ಯಾರು ಊಟಕ್ಕೆ ಹೋದರು, ಯಾರ ಹಸು ಅವಳಿ ಕರು ಹಾಕಿತು, ಎಲ್ಲ ಅದರಲ್ಲಿ ಬರುತ್ತಿತ್ತು. ಕಣ್ಣು ಹೋದ ಮೇಲೆ ಬಿಟ್ಟಿದ್ದ ಆ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡಿದ್ದಳು. ಬರೆದದ್ದೆಲ್ಲ ಆ ಯಂತ್ರದೊಳಗೇ ಇತ್ತು.

ಒಂದೇ ಒಂದು ತೊಡಕು. ಬೆಳಿಗ್ಗೆ ಯಂತ್ರ ಹಚ್ಚಿದ ಕೂಡಲೇ ಆ ಹೆಂಗಸು, "ಶುಭೋದಯ, ಎಮಿಲ್" ಎನ್ನುತ್ತಿದ್ದಳು.

"ಎಮಿಲ್ ಸ್ಮಶಾನದಲ್ಲಿ ಆರಾಮಾಗವ್ನೆ ಕಣಮ್ಮ. ನೀನು ನಂಗೆ ಪೇಪರ್ ಓದು" ಎಂದು ಆಲ್ಬಿನಾ ನಗುತ್ತಿದ್ದಳು.

ಲುಮೀರನಿಗೆ ಮಾತ್ರ ಮೈ ಜುಮ್ಮೆನ್ನುತ್ತಿತ್ತು. ಎಮಿಲ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು ಅವನು. ಕೊನೆಗೆ ಒಂದು ದಿನ ಆ ಓದುವ ತಂತ್ರಾಂಶ ಮಾಡಿದ ಕಂಪನಿಗೆ ಫೋನ್ ಮಾಡಿ, ಎಮಿಲ್ ತೀರಿಕೊಂಡ, ಯಂತ್ರ ಈಗ ನಮ್ಮಕ್ಕನದು, ಹೆಸರು ಬದಲಾಯಿಸಿ ಎಂದು ಕೇಳಿದ. ಕೈ ಬದಲಾದ ವಸ್ತುವಿಗೆ ಹೆಸರೂ ಬದಲಾಗಬೇಕು ಎನ್ನುವುದು ಅವನ ಕಸುಬಿನ ನಿಯತ್ತು.

"ತಿಳಿಸಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್" ಎಂದಳು ಆ ಕಡೆಯ ಹುಡುಗಿ. ಅಷ್ಟೇ.

ಅದೇ ವಾರ ಸಂಜೆ ಗ್ರಂಥಾಲಯದ ಮಾರ್ಲಿಸ್ ಟ್ವೇಟ್ ಗಸಗಸೆ ಹೂರಣದ ಕೊಲಾಚೆ ಬನ್ನುಗಳ ತಟ್ಟೆ ಹಿಡಿದು ಬಂದಳು.

"ಶನಿವಾರ ಚರ್ಚಿನ ನೆಲಮಾಳಿಗೇಲಿ ಶಾಸಕರ ಜೊತೆ ಕಾಫಿ ಇದೆ, ಇಬ್ರೂ ಬನ್ನಿ. ಒಂದು ಮಸೂದೆ ಬಂದಿದೆ. ಅದು ಪಾಸಾದ್ರೆ ತಂತ್ರಾಂಶದ ಕಂಪನಿಯೋರು ಕೂತಲ್ಲಿಂದ್ಲೇ ನಿಮ್ಮನೆ ಕಂಪ್ಯೂಟರ್ ಕೆಲಸ ನಿಲ್ಲಿಸ್ಬೋದು."

"ನಿಲ್ಲಿಸ್ಲಿ ಬಿಡು. ಕದ್ದೋರಿಗೆ ತಾನೆ ಭಯ?" ಎಂದ ಲುಮೀರ್. "ಕಂತು ಕಟ್ಟದೋನ ಟ್ರಾಕ್ಟರ್ ಎಳ್ಕೊಂಡು ಹೋಗಲ್ವಾ?"

"ಟ್ರಾಕ್ಟರ್ ಎಳ್ಕೊಂಡು ಹೋಗೋಕೆ ಒಬ್ಬ ಮನುಷ್ಯ ನಿನ್ನ ಅಂಗಳಕ್ಕೆ ಬರ್ಬೇಕು ಲುಮೀರ್. ನಾಯಿ ಬೊಗಳುತ್ತೆ. ಅವನ ಮುಖ ಕಾಣುತ್ತೆ. ಬೇಡ ಅಂತ ಅಡ್ಡ ನಿಂತ್ರೆ ಅವನು ಕೋರ್ಟಿಗೆ ಹೋಗ್ಬೇಕು. ಇಲ್ಲಿ ಯಾರು ಬರ್ತಾರೆ?"

"ನೀನು ಪುಸ್ತಕ ಓದಿ ಓದಿ ದೆವ್ವ ಕಾಣ್ತಿದೀಯ" ಎಂದು ಲುಮೀರ್ ಇನ್ನೊಂದು ಕೊಲಾಚೆ ಬಾಯಿಗಿಟ್ಟ.

ಶನಿವಾರ ಎಷ್ಟು ಹೊತ್ತಿಗೆ ಎಂದು ಕೇಳೋಣವೆಂದು ಆಲ್ಬಿನಾ ಪಾದ್ರಿಯ ಮನೆಗೆ ಫೋನ್ ಮಾಡಲು ರಿಸೀವರ್ ಎತ್ತಿದಳು. ಎತ್ತಿದವಳು ಹಾಗೇ ನಿಂತಳು.

"ಲೋ, ಲೈನಲ್ಲಿ ಯಾರೋ ಇದಾರೆ."

ಅವಳು ಚಿಕ್ಕವಳಿದ್ದಾಗ ಇಡೀ ರಸ್ತೆಗೆ ಒಂದೇ ಫೋನ್ ತಂತಿ ಇತ್ತು. ಯಾರು ಮಾತಾಡಿದರೂ ಉಳಿದವರು ಕದ್ದು ಕೇಳುತ್ತಿದ್ದರು. ಉಸಿರು ಕೇಳಿಯೇ ಯಾರೆಂದು ಹೇಳಬಲ್ಲವಳು ಆಲ್ಬಿನಾ.

ಲುಮೀರ್ ರಿಸೀವರ್‌ಗೆ ಕಿವಿ ಕೊಟ್ಟ. ಕೀರಲು ಸದ್ದು ಏರಿ ಇಳಿಯುತ್ತಿತ್ತು. ಅತ್ತ ಕೋಣೆಯಲ್ಲಿ, ಯಂತ್ರವನ್ನು ಫೋನಿಗೆ ಜೋಡಿಸಿದ್ದ ಪುಟ್ಟ ಪೆಟ್ಟಿಗೆಯ ಹಸಿರು ದೀಪ ಪಿಳಿಪಿಳಿ ಎನ್ನುತ್ತಿತ್ತು. ಕಂಪ್ಯೂಟರಿನ ಮುಂದೆ ಯಾರೂ ಇರಲಿಲ್ಲ.

"ಮಾತಾಡ್ತಿದಾರೆ, ಆದ್ರೆ ಉಸಿರಾಡ್ತಿಲ್ಲ" ಎಂದಳು ಆಲ್ಬಿನಾ.

ಮಾರ್ಲಿಸ್ ಲುಮೀರನ ಮುಖ ನೋಡಿದಳು. ಲುಮೀರ್ ಕಿಟಕಿಯ ಕಡೆ ನೋಡಿದ. ಸ್ವಲ್ಪ ಹೊತ್ತಿಗೆ ದೀಪ ತಾನಾಗಿಯೇ ಆರಿತು.

ಮರುದಿನ ಬೆಳಿಗ್ಗೆ ಆಲ್ಬಿನಾ ಎಂದಿನಂತೆ ಕಾಫಿ ಬಟ್ಟಲು ಹಿಡಿದು ಕುಳಿತು ಯಂತ್ರ ಹಚ್ಚಿದಳು. ಶುಭೋದಯ ಕೇಳಲಿಲ್ಲ. ಅದೇ ಹೆಂಗಸು, ಅದೇ ಸಕ್ಕರೆಯಂಥ ದನಿಯಲ್ಲಿ ಹೇಳಿದಳು: "ನೀವು ಎಮಿಲ್ ಅಲ್ಲ. ಎಮಿಲ್ ಅವರಿಗೆ ಕೊಟ್ಟಿದ್ದ ಅನುಮತಿ ಮುಗಿದಿದೆ. ವಂದನೆಗಳು."

ಆಮೇಲೆ ಏನೂ ಇಲ್ಲ. ಆಲ್ಬಿನಾ ಒಂದೊಂದೇ ಕೀಲಿ ಒತ್ತಿ ನೋಡಿದಳು. "ಏನಮ್ಮ, ಏನಾಯ್ತು ನಿಂಗೆ?" ಎಂದು ಮಾತಾಡಿಸಿಯೂ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಲುಮೀರನಿಗೆ ಹಿಂದಿನ ಸಂಜೆ ಫೋನಿನ ತಂತಿಯಲ್ಲಿ ಬಂದವರು ಯಾರೆಂದು ಈಗ ತಿಳಿಯಿತು. ಸತ್ತವನು ಸತ್ತ ಎಂದು ಕಂಪನಿಗೆ ಹೇಳಿದವನು ತಾನೇ.

ಟೋಪಿಯನ್ನೂ ಹಾಕಿಕೊಳ್ಳದೆ ಗ್ರಂಥಾಲಯಕ್ಕೆ ಓಡಿದ.

"ನಾನು ಹರಾಜಲ್ಲಿ ಮೂರು ಸಲ ಕೂಗಿ ಕೊಟ್ಟಿದ್ದು ಮಾರ್ಲಿಸ್! ಎಲ್ರೂ ನೋಡಿದಾರೆ!"

"ನೀನು ಮಾರಿದ್ದು ಡಬ್ಬಿ ಮಾತ್ರ, ಒಳಗಿನ ದನಿ ಅಲ್ಲ ಅಂತಾರೆ ಅವ್ರು. ಎಮಿಲ್ ಮೊದಲ ದಿನ 'ಒಪ್ಪಿದೆ' ಅನ್ನೋ ಗುಂಡಿ ಒತ್ತಿದ್ನಲ್ಲ, ಅದ್ರಲ್ಲಿ ಹಾಗೆ ಬರೆದಿರುತ್ತೆ. ಬೇರೆಯವ್ರಿಗೆ ಕೊಡೋ ಹಾಗಿಲ್ಲ, ಕೊಟ್ರೆ ನಿಲ್ಲಿಸ್ತೀವಿ ಅಂತ."

"ಕುರುಡನ ಕೈಲಿ ಒತ್ತಿಸ್ಕೊಂಡ್ರಾ? ನಮ್ಮಲ್ಲಿ ಇನ್ನೂ ಕಾನೂನೇ ಆಗಿಲ್ಲ ಅಂದ್ಯಲ್ಲ?"

"ಕಂಪನಿ ಇರೋ ರಾಜ್ಯದಲ್ಲಿ ಆಗಿಹೋಗಿದೆ. ಅದೇ ಕಾನೂನು ನಿಮಗೂ ಅಂತಾನೂ ಅದ್ರಲ್ಲೇ ಬರೆದಿರುತ್ತೆ. ನಮ್ಮ ರಾಜ್ಯ ಇದನ್ನ ಒಪ್ಪಲ್ಲ ಅಂದ್ರೆ ನಾವು ಇಲ್ಲಿನ ಕೋರ್ಟಲ್ಲಿ ನಿಂತು ಕೇಳ್ಬೋದು. ಒಪ್ಕೊಂಡುಬಿಟ್ರೆ ಆ ಬಾಗಿಲೂ ಮುಚ್ತು. ಅದಕ್ಕೇ ಶನಿವಾರ ಬನ್ನಿ ಅಂದಿದ್ದು."

ಲುಮೀರ್ ತಲೆ ತಗ್ಗಿಸಿದ. ದೆವ್ವ ಎಂದು ತಾನು ಗೇಲಿ ಮಾಡಿದ್ದು ನೆನಪಾಗಿ ನಾಚಿಕೆಯಾಯಿತು.

ಶನಿವಾರ ನೆಲಮಾಳಿಗೆ ತುಂಬಿತ್ತು. ತೆಳ್ಳನೆಯ ಕಾಫಿ, ಮಡಿಸುವ ಕುರ್ಚಿಗಳು. ಶಾಸಕ ಗೇಲರ್ಡ್ ಫಾಸ್ ರಸ್ತೆಯ ಬಗ್ಗೆ, ಜೋಳದ ಬಗ್ಗೆ ಮಾತಾಡಿದ. ಮಸೂದೆಯ ಮಾತು ಬಂದಾಗ ಕೈಯಾಡಿಸಿ, "ಅದು ಕಳ್ಳರನ್ನ ಹಿಡಿಯೋಕೆ. ಪ್ರಾಮಾಣಿಕರು ತಲೆ ಕೆಡಿಸ್ಕೋಬೇಡಿ" ಎಂದ.

ಲುಮೀರ್ ಹೊತ್ತು ತಂದಿದ್ದ ಯಂತ್ರವನ್ನು ಕಾಫಿ ಮೇಜಿನ ಮೇಲಿಟ್ಟು ತಂತಿ ಸಿಕ್ಕಿಸಿದ.

"ನೀವು ಎಮಿಲ್ ಅಲ್ಲ" ಎಂದಿತು ದನಿ.

ಎಮಿಲ್‌ನನ್ನು ಅರಿಯದವರು ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ. ಅವನನ್ನು ಹೂಳಿದ್ದು ಅದೇ ಚರ್ಚಿನ ಹಿತ್ತಿಲಲ್ಲಿ. ಯಾರದೋ ಕೈಯಿಂದ ಚಮಚ ಬಿತ್ತು. ದನಿ ಕೊನೆಯವರೆಗೂ ಹೇಳಿ, ವಂದಿಸಿ, ಸುಮ್ಮನಾಯಿತು.

ಆಲ್ಬಿನಾ ಎದ್ದು ನಿಂತಳು. "ಗೇಲರ್ಡ್, ನೀನು ಹುಟ್ಟಿದ ಸುದ್ದಿ ಪೇಪರಿಗೆ ಬರೆದೋಳು ನಾನು. ನಾನು ಕಳ್ಳಿನಾ?"

"ಅಯ್ಯೋ, ಹಾಗಂದಿಲ್ಲ ಆಲ್ಬಿನಾ..."

"ಕಣ್ಣು ಹೋದಾಗ ದೇವರಾದ್ರೂ ನಿಧಾನವಾಗಿ ತಗೊಂಡ. ಮೊದಲು ಅಂಚು, ಆಮೇಲೆ ಬಣ್ಣ. ತಯಾರಾಗೋಕೆ ಟೈಮ್ ಕೊಟ್ಟ. ಇವ್ರು ಒಂದು ಮಾತು ಕೇಳ್ದೆ ಎರಡನೇ ಸಲ ಕುರುಡಿ ಮಾಡಿದ್ರು. ದನಿ ಅವರದ್ದೇ ಇರ್ಲಿ ಮಾರಾಯ. ಒಳಗೆ ನಾನು ಬರೆದಿದ್ದೆಲ್ಲ ಇದೆ. ಅದು ಯಾರದ್ದು?"

ಗೇಲರ್ಡ್ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟ. "ನಾನು ಆ ಮಸೂದೆ ಪೂರ್ತಿ ಓದಿರ್ಲಿಲ್ಲ" ಎಂದ. "ಓದ್ತೀನಿ. ಓದಿ ಬೇಡ ಅಂತ ಹೇಳ್ತೀನಿ. ಆದ್ರೆ ನಾನೊಬ್ಬ ಅಂದ್ರೆ ಸಾಲಲ್ಲ. ಬೇರೆ ಊರಿನೋರೂ ಅವರವರ ಶಾಸಕರನ್ನ ಹಿಡೀಬೇಕು."

ಮಸೂದೆ ಬೇಡವೆಂಬ ಮನವಿಪತ್ರವನ್ನು ಮಾರ್ಲಿಸ್ ಮೇಜಿನ ಮೇಲಿಟ್ಟಳು. ಅಂದು ಅದಕ್ಕೆ ಮೊದಲು ಸಹಿ ಹಾಕಿದವನು ಲುಮೀರ್.

ಯಂತ್ರ ಇನ್ನೂ ಮೂಕವಾಗಿಯೇ ಇದೆ. ಆಲ್ಬಿನಾ ಬರೆದದ್ದೆಲ್ಲ ಅದರೊಳಗೇ ಇದೆ. ಈಗ ಪತ್ರಿಕೆ ಓದುವವನು ಲುಮೀರ್, ಅದೂ ಹರಾಜು ಕೂಗುವ ವೇಗದಲ್ಲಿ. "ಮೆಲ್ಲಗೆ ಓದೋ, ನಾನೇನು ಹಸು ಕೊಳ್ಳೋಕೆ ಬಂದಿಲ್ಲ" ಎಂದು ಅವಳು ಬೈಯುತ್ತಾಳೆ. ಊರ ಸುದ್ದಿಯನ್ನು ಅವಳು ಹೇಳುತ್ತಾಳೆ, ಅವನು ಬರೆದುಕೊಳ್ಳುತ್ತಾನೆ. ಆದರೆ ಅವನು ಹರಾಜಿಗೆ ಹೋದ ದಿನ ಔಷಧಿಯ ಚೀಟಿ ಓದಿ ಹೇಳಲು ಯಾರೂ ಇರುವುದಿಲ್ಲ. ಅಂಥ ಒಂದು ಸಂಜೆ ಅವನು ಮನೆಗೆ ಬಂದಾಗ, ಯಂತ್ರದ ಮುಂದೆ ಕುಳಿತು ಅವಳು ಮೆಲ್ಲಗೆ, "ನಾನು ಎಮಿಲ್ ಕಣಮ್ಮ, ಎಮಿಲ್" ಎನ್ನುತ್ತಿದ್ದಳು. ಲುಮೀರ್ ಹೊಸ್ತಿಲಲ್ಲೇ ನಿಂತು ಅತ್ತುಬಿಟ್ಟ.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಯಂತ್ರ ಇದ್ದೀತು. 'ಒಪ್ಪಿದೆ' ಎಂದು ಒತ್ತುವ ಮೊದಲು ಏನನ್ನು ಒಪ್ಪುತ್ತಿದ್ದೀರಿ ಎಂದು ತಿಳಿದವರಿಂದ ಓದಿಸಿ ಕೇಳಿ. ನೀವು ಬರೆದದ್ದರ ಒಂದು ಪ್ರತಿಯನ್ನು ಯಂತ್ರದ ಹೊರಗೂ ಇಟ್ಟುಕೊಳ್ಳಿ. ಇಂಥ ಕಾನೂನು ನಿಮ್ಮಲ್ಲಿಗೆ ಬಂದರೆ ಮತ ಬೀಳುವ ಮೊದಲೇ ನಿಮ್ಮ ಶಾಸಕರ ಮುಂದೆ ಹೋಗಿ ನಿಲ್ಲಿ. ಕಳ್ಳರಿಗೆ ಮಾತ್ರ ಎಂದು ಯಾರಾದರೂ ಸಮಾಧಾನ ಹೇಳಿದರೆ, ಆಲ್ಬಿನಾ ಕೇಳಿದ್ದನ್ನೇ ಅವರನ್ನೂ ಕೇಳಿ. ನಿಮ್ಮ ಮನೆಯ ಹಸಿರು ದೀಪ ತಾನಾಗಿ ಪಿಳಿಪಿಳಿ ಎನ್ನುವ ಸಂಜೆಯವರೆಗೆ ಕಾಯಬೇಡಿ.