ಗಂಟೆ ಬಾರಿಸದ ಮಧ್ಯಾಹ್ನ

ವೆಂದೆಲಿನ್ ಆ ವರ್ಷ ತನ್ನ ಪ್ಲಮ್ ಹಣ್ಣನ್ನು ಹಂಡೆಗೆ ಹಾಕದೆ ಪೀಪಾಯಿಗೆ ಹಾಕಿದ್ದಾನೆಂದು ನನಗೆ ಹೇಳಿದ್ದು ನನ್ನ ಮೂಗು. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಇಗರ್ಜಿಯ ಮೆಟ್ಟಿಲು ಗುಡಿಸಿ ಮನೆಗೆ ಮರಳುವಾಗ, ಅವನ ಕೊಟ್ಟಿಗೆಯ ಹಿಂದಿನಿಂದ ಹುಳಿಯಾದ, ತಲೆಗೇರುವಂಥ ವಾಸನೆ ಬಂತು. ಬೇಲಿಗೆ ಕೈಯೂರಿ ಇಣುಕಿದೆ. ನೀಲಿ ಪೀಪಾಯಿ, ಅದರ ಮೇಲೊಂದು ಹಲಗೆ, ಹಲಗೆಯ ಮೇಲೆ ಕಲ್ಲು.

ನಮ್ಮೂರಲ್ಲಿ ಪ್ಲಮ್ಮಿಗೆ ಎರಡೇ ದಾರಿ. ಪೀಪಾಯಿಯಲ್ಲಿ ಕೊಳೆಹಾಕಿದರೆ ಆರು ವಾರದ ಮೇಲೆ ಊರ ಭಟ್ಟಿಯಲ್ಲಿ ಸಾರಾಯಿ. ತಾಮ್ರದ ಹಂಡೆಯಲ್ಲಿ ಬೆಳಗಿನಿಂದ ಕತ್ತಲಾಗುವ ತನಕ ಕುದಿಸಿದರೆ ಬ್ರೆಡ್ಡಿಗೆ ಹಚ್ಚುವ ಕಪ್ಪನೆಯ ಪಾಕ. ವೆಂದೆಲಿನ್ ನಾಲ್ಕು ವರ್ಷದಿಂದ ಹಂಡೆಯ ದಾರಿ ಹಿಡಿದಿದ್ದ. ನಾಲ್ಕು ವರ್ಷದಿಂದ ಅವನು ಒಂದು ಹನಿ ಕುಡಿದಿರಲಿಲ್ಲ.

ನಾನು ಅಪೊಲೆನಾ, ಅವನ ಪಕ್ಕದ ಮನೆಯವಳು. ಗಂಡ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷದಿಂದ ಇಗರ್ಜಿಯ ಬೀಗದ ಕೈ, ಮೇಣದ ಬತ್ತಿ, ಗಂಟೆಯ ಹಗ್ಗ ಇವೇ ನನ್ನ ಸಂಸಾರ. ಸುತ್ತಲ ಊರುಗಳಲ್ಲಿ ಗಂಟೆ ಕರೆಂಟಿನಿಂದ ತಾನೇ ಹೊಡೆದುಕೊಳ್ಳುತ್ತದೆ. ನಮ್ಮದು ಇನ್ನೂ ಹಗ್ಗದ್ದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ದೇವಮಾತೆಯ ಜಪಕ್ಕೆ ನಾನು ಹಗ್ಗ ಎಳೆದೇ ಎಳೆಯುತ್ತೇನೆ. ಜ್ವರ ಬಂದರೂ ತಪ್ಪಿಸಿದವಳಲ್ಲ.

ವೆಂದೆಲಿನ್ ಮೊದಲು ಹಾಲಿನ ಲಾರಿ ಓಡಿಸುತ್ತಿದ್ದ. ಕುಡಿದು ಲಾರಿಯನ್ನು ಊರ ಕೆರೆಗೆ ಇಳಿಸಿದ ಮೇಲೆ ಕೆಲಸ ಹೋಯಿತು, ಹಿಂದೆಯೇ ಹೆಂಡತಿಯೂ ಬಿಟ್ಟುಹೋದಳು. ಕುಡಿತ ಬಿಡಿಸುವ ಆಸ್ಪತ್ರೆಯಲ್ಲಿದ್ದಾಗ ಕಮಿಲಾ ಎಂಬ ಹೆಂಗಸು ಅಲ್ಲಿಗೆ ಕ್ಯಾಮೆರಾ ಹಿಡಿದುಕೊಂಡು ಬಂದಳಂತೆ. ಮುರಿದುಹೋದವರ ಬದುಕನ್ನು ವರ್ಷಗಟ್ಟಲೆ ಹಿಂಬಾಲಿಸಿ ಸಿನಿಮಾ ಮಾಡುವವಳು. ನಮ್ಮ ದೇಶದಲ್ಲಿ ಅಂಥ ಸಿನಿಮಾಗಳು ಬಹಳ, ಜನ ಕೂತು ನೋಡುತ್ತಾರೆ ಕೂಡ. ಬೇರೆ ರೋಗಿಗಳು ಮುಖ ತಿರುಗಿಸಿದರು. ವೆಂದೆಲಿನ್ ಮಾತ್ರ ತೆಗಿ ಅಂದ. ಅಂದಿನಿಂದ ಒಂಬತ್ತು ವರ್ಷ ಅವಳು ಬರುತ್ತಲೇ ಇದ್ದಳು. ಧೂಳು ಹಿಡಿದ ಸಣ್ಣ ಕಾರು, ಒಬ್ಬಳೇ. ಎಷ್ಟೋ ಸಲ ಕಾರಿನಲ್ಲೇ ಕೂತು ಬ್ರೆಡ್ಡು ತಿನ್ನುವುದನ್ನು ನೋಡಿದ್ದೇನೆ.

ಊರಿನವರಿಗೆ ಅದೊಂದು ಮೋಜು. ಅಂಗಡಿಯ ಮುಂದೆ ಅವನು ಕಂಡರೆ, "ಏನ್ ಹೀರೋ, ಇವತ್ತು ಬೀಳೋ ಸೀನೋ, ಏಳೋ ಸೀನೋ?" ಎಂದು ಕೇಳುತ್ತಿದ್ದರು. ಅವನು ನಗುತ್ತಿದ್ದ.

ಪೀಪಾಯಿ ಕಂಡ ದಿನ ನಾನು ಬೇಲಿಯಾಚೆಯಿಂದಲೇ ಕೂಗಿದೆ.

"ವೆಂದಾ, ಇದೇನೋ ಇದು?"

"ಪ್ಲಮ್ಮು, ಚಿಕ್ಕಮ್ಮ."

"ಕಣ್ಣು ಕಾಣುತ್ತೆ ನಂಗೆ. ಯಾಕೆ ಅಂತ ಕೇಳಿದ್ದು."

ಅವನು ಕೊಡಲಿ ಕೆಳಗಿಟ್ಟು ಬೇಲಿಯ ಹತ್ತಿರ ಬಂದ. ಐವತ್ತೆರಡು ವರ್ಷದ ಗಂಡಸು, ಶಾಲೆಗೆ ತಪ್ಪಿಸಿಕೊಂಡು ಸಿಕ್ಕಿಬಿದ್ದವನ ಹಾಗೆ ನಿಂತ.

"ಕಮಿಲಾ ಫೋನ್ ಮಾಡಿದ್ಲು. ಸಿನಿಮಾ ಮುಗೀತಂತೆ. ಈ ಸಲ ನಾನು ಪಾಕ ತಿರುವೋದನ್ನ ಒಂದು ದಿನ ತೆಗೆದುಬಿಟ್ರೆ ಅಷ್ಟೇ ಅಂತೆ. ಚೆನ್ನಾಗಿರೋ ಮುಕ್ತಾಯ ಅಂದ್ಲು."

"ಒಳ್ಳೇದೇ ಆಯ್ತಲ್ಲ."

"ಪಾಕ ಇಲ್ದಿದ್ರೆ ಮುಕ್ತಾಯ ಇಲ್ಲ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಕುಡಿದು ಬಿದ್ದಾಗಲೆಲ್ಲ ಅವಳು ಮಾರನೆಯ ದಿನವೇ ಬರುತ್ತಿದ್ದಳು. ಕುಡಿಯದೆ ಇದ್ದಾಗ ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ. "ಪಾತ್ರೆ ತೊಳೆಯೋ ಗಂಡಸನ್ನ ಎಷ್ಟು ಸಲ ಅಂತ ತೆಗೀತಾಳೆ, ಪಾಪ."

"ಅವಳು ಬರಲಿ ಅಂತ ಕುಡಿತೀಯಾ? ದೇವರು ಮೆಚ್ಚೋ ಕೆಲಸವೇನೋ ಇದು? ದಿನಾ ಸಂಜೆ ನಿನಗೋಸ್ಕರ ಒಂದು ಜಪಮಾಲೆ ಎಣಿಸ್ತಿದೀನಿ ನಾನು."

"ಗೊತ್ತು ಚಿಕ್ಕಮ್ಮ, ಕಿಟಕೀಲಿ ದೀಪ ಕಾಣುತ್ತೆ." ಅವನ ದನಿಯಲ್ಲಿ ಕೊಂಕಿರಲಿಲ್ಲ. "ಆದ್ರೆ ನೀವೇ ಹೇಳಿ, ಒಂಬತ್ತು ವರ್ಷದಲ್ಲಿ ನನ್ನ ಅಡುಗೆಮನೇಲಿ ಬಂದು ಕೂತವರು ಯಾರು? ಅವಳು. ಅವಳು ಬಿಟ್ರೆ ಗ್ಯಾಸ್ ಮೀಟರ್ ನೋಡೋನು."

ನಾನು ಬೇಲಿಯಾಚೆಯಿಂದ ಕೈಯೆತ್ತಿದ್ದು ನೆನಪಾಯಿತು. ಅವನು ಜ್ವರದಲ್ಲಿ ಮಲಗಿದ್ದಾಗ ಸೂಪಿನ ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟು ಬಂದಿದ್ದೂ ನೆನಪಾಯಿತು. ಹೊಸ್ತಿಲಿನ ಆಚೆಗೆ ಕಾಲಿಟ್ಟ ನೆನಪು ಮಾತ್ರ ಇರಲಿಲ್ಲ.

ಪಾಕ ತಿರುವುವುದು ಒಬ್ಬರ ಕೆಲಸವಲ್ಲ. ಅರೆಗಳಿಗೆ ಕೋಲು ನಿಂತರೆ ತಳ ಹಿಡಿಯುತ್ತದೆ, ತಳ ಹಿಡಿದರೆ ಇಡೀ ಹಂಡೆ ಕಹಿ. ಅದಕ್ಕೇ ನಮ್ಮಲ್ಲಿ ಅಕ್ಕಪಕ್ಕದವರು ಸರದಿಯ ಮೇಲೆ ಬಂದು ತಿರುವುತ್ತಾರೆ, ಮನೆಯವರು ಅವರಿಗೆ ಸಾರಾಯಿ ಹೊಯ್ಯುತ್ತಾರೆ, ಹಾಡು ಹುಟ್ಟುತ್ತದೆ. ವೆಂದೆಲಿನ್ ಮನೆಯಲ್ಲಿ ಸಾರಾಯಿ ಇರಲಿಲ್ಲ. ಅವನು ಚಹಾ ಕೊಡುತ್ತೇನೆಂದು ಮೊದಲ ವರ್ಷ ನಾಲ್ಕು ಮನೆಗೆ ಹೋಗಿ ಕರೆದ. ಯಾರೂ ಬರಲಿಲ್ಲ. ನಾನು ಬರುತ್ತೇನೆಂದೆ, ಆಮೇಲೆ ಸೊಂಟ ನೋವೆಂದೆ. ಎರಡನೆಯ ವರ್ಷದಿಂದ ಅವನು ಕರೆಯಲಿಲ್ಲ. ಬೆಳಗಿನಿಂದ ಕತ್ತಲಾಗುವ ತನಕ ಆ ಕೋಲಿಗೆ ಕಟ್ಟಿಹಾಕಿದವನಂತೆ ಒಬ್ಬನೇ ನಿಂತು ತಿರುವುತ್ತಿದ್ದ. ಮಾರನೆಯ ದಿನ ನನ್ನ ಕಿಟಕಿಯ ಕಟ್ಟೆಯ ಮೇಲೆ ಒಂದು ಬಾಟಲಿ ಪಾಕ ಕೂತಿರುತ್ತಿತ್ತು.

ನಾಲ್ಕು ಬಾಟಲಿ ತಿಂದಿದ್ದೇನೆ.

ಭಟ್ಟಿಯಲ್ಲಿ ಅವನ ಸರದಿ ಅಕ್ಟೋಬರಿನ ಒಂದು ಗುರುವಾರ ಹತ್ತು ಗಂಟೆಗೆ ಬಿತ್ತು. ಕಮಿಲಾಗೆ ಫೋನ್ ಮಾಡಿದನಂತೆ, ಬರುತ್ತೇನೆಂದಳಂತೆ. ನನ್ನ ಹಿತ್ತಲಿನ ಮರದಲ್ಲಿ ತಡವಾಗಿ ಹಣ್ಣಾಗುವ ಪ್ಲಮ್ಮು ಇನ್ನೂ ಇತ್ತು. ಮೊದಲ ಇಬ್ಬನಿ ಹೆಪ್ಪುಗಟ್ಟಿದ ಮೇಲೆ ತೊಟ್ಟಿನ ಬಳಿ ಸುಕ್ಕಾಗಿ ಜೇನಾಗುವ ಹಣ್ಣು. ಎರಡು ದಿನ ಕೂತು ಬೀಜ ತೆಗೆದೆ. ಬುಧವಾರ ಬೇಲಿಯ ಬಳಿ ಹೋದೆ.

"ವೆಂದಾ, ನನ್ನ ಅಂಗಳದ ಒಲೆ ಕುಸಿದಿದೆ. ನಾಳೆ ನಿನ್ನ ಒಲೆ, ಹಂಡೆ ಎರಡೂ ಬೇಕು."

ನನ್ನ ಒಲೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆ ಸುಳ್ಳನ್ನು ಆಮೇಲೆ ಪಾದ್ರಿಯ ಮುಂದೆ ಪಾಪನಿವೇದನೆಯಲ್ಲಿ ಹೇಳಿಕೊಂಡೆ.

"ನಾಳೆ ನಾನಿರಲ್ಲ ಚಿಕ್ಕಮ್ಮ, ಭಟ್ಟಿಗೆ ಹೋಗ್ತೀನಿ. ನಿಮ್ಮ ಸೊಂಟ?"

"ನನ್ನ ಸೊಂಟದ ಚಿಂತೆ ನಂಗಿರಲಿ."

ಹಂಡೆ ಕುದಿಯುವುದನ್ನು ಕಣ್ಣಾರೆ ಕಂಡರೆ ನಿಂತಾನು ಎಂದುಕೊಂಡಿದ್ದೆ. ಗುರುವಾರ ಐದು ಗಂಟೆಗೇ ಬೆಂಕಿ ಹಾಕಿದೆ. ಆರಕ್ಕೆ ಪಾಕ ಇನ್ನೂ ತಳ ಹಿಡಿಯದಷ್ಟು ನೀರಾಗಿದ್ದಾಗಲೇ ಓಡಿಹೋಗಿ ಬೆಳಗಿನ ಗಂಟೆ ಬಾರಿಸಿ ಬಂದೆ. ಒಂಬತ್ತಕ್ಕೆ ಕಮಿಲಾಳ ಕಾರು ಬಂತು. ಅವಳು ನನ್ನನ್ನು, ಹಂಡೆಯನ್ನು, ಪೀಪಾಯಿಯನ್ನು ಒಂದೊಂದಾಗಿ ನೋಡಿದಳು.

"ವೆಂದೆಲಿನ್, ಇದನ್ನ ನೀವು ನಿಜವಾಗ್ಲೂ ಕುಡಿತೀರಾ?"

"ನೋಡೋಣ."

"ನಾನು ಬೇಡ ಅನ್ನಬೇಕು," ಎಂದಳು ಕಮಿಲಾ. ಅಷ್ಟು ಹೇಳುವಾಗಲೇ ಅವಳ ಕೈ ಕ್ಯಾಮೆರಾದ ಚೀಲದ ಮೇಲೆ ಇತ್ತು. ಅವನೂ ಅದನ್ನು ನೋಡಿದ. ಪೀಪಾಯಿಯನ್ನು ಕೈಗಾಡಿಗೆ ಏರಿಸಿ, "ಹೋಗೋಣ," ಅಂದ.

ಇಬ್ಬರೂ ಗೇಟು ದಾಟಿದರು. ನಾನೂ ಹಂಡೆಯೂ ಉಳಿದೆವು.

ಎಪ್ಪತ್ತು ವರ್ಷದ ತೋಳಿಗೆ ಆ ಕೋಲು ಮೊದಲ ಗಂಟೆ ಸೌಟು, ಎರಡನೆಯ ಗಂಟೆ ಹಾರೆ, ಆಮೇಲೆ ಅಡ್ಡಬಿದ್ದ ಮರ. ಪಾಕ ಗಟ್ಟಿಯಾಗುತ್ತಾ ಗುಳುಗುಳು ಎಂದು ಸಿಡಿದು ಮುಂಗೈ ಸುಡುತ್ತಿತ್ತು. ಹನ್ನೊಂದೂಮುಕ್ಕಾಲಾಯಿತು. ಇಗರ್ಜಿಗೆ ಮೂರು ನಿಮಿಷದ ದಾರಿ. ಹೋಗಿ, ಹಗ್ಗ ಎಳೆದು, ಬರುವಷ್ಟರಲ್ಲಿ ಹಂಡೆ ಸುಟ್ಟು ಹೋಗುತ್ತದೆ. ಅವನು ಬಂದು ನೋಡುವುದು ಸುಟ್ಟ ಹಂಡೆಯನ್ನು ಮತ್ತು ಯಾರೂ ಇಲ್ಲದ ಅಂಗಳವನ್ನು.

ಗಡಿಯಾರ ಹನ್ನೆರಡು ತೋರಿಸಿತು. ನಾನು ಕೋಲು ಬಿಡಲಿಲ್ಲ. "ತಾಯೇ, ಇವತ್ತು ಇಲ್ಲಿಂದಲೇ ಕೇಳಿಸಿಕೋ," ಎಂದು ತಿರುವುತ್ತಲೇ ಜಪ ಹೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಮ್ಮೂರಿನ ಮೇಲೆ ಮಧ್ಯಾಹ್ನ ಸದ್ದಿಲ್ಲದೆ ಹಾದುಹೋಯಿತು.

ಭಟ್ಟಿಯಲ್ಲಿ ನಡೆದದ್ದನ್ನು ಭಟ್ಟಿಯ ಫ್ಲೊರಿಯಾನ್ ನನಗೆ ಹೇಳಿದ. ಮೊದಲು ಇಳಿದ ವಿಷದಂಥ ಸಾರಾಯಿಯನ್ನು ಚೆಲ್ಲಿ, ಆಮೇಲಿನದನ್ನು ಬೆರಳುದ್ದದ ಗಾಜಿನ ಲೋಟದಲ್ಲಿ ಹಿಡಿದು ಒಡೆಯನಿಗೆ ಕೊಡುವುದು ರೂಢಿ. ಒಡೆಯ ರುಚಿ ನೋಡದೆ ಬಾಟಲಿ ತುಂಬುವಂತಿಲ್ಲ. ವೆಂದೆಲಿನ್ ಕೈಗೆ ಲೋಟ ಬಂದಾಗ ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಒಂದು ನಿಮಿಷ. ನಮ್ಮ ಭಟ್ಟಿಯಲ್ಲಿ ಮಧ್ಯಾಹ್ನದ ಗಂಟೆ ಮುಗಿಯುವ ತನಕ ಯಾರೂ ಲೋಟ ಎತ್ತುವುದಿಲ್ಲ. ಅಜ್ಜಂದಿರ ಕಾಲದ ಕಟ್ಟು. ಅಲ್ಲಿದ್ದ ಗಂಡಸರೆಲ್ಲ ಟೋಪಿ ತೆಗೆದು ನಿಂತರು. ಕಮಿಲಾ ಕ್ಯಾಮೆರಾ ಹಿಡಿದು ನಿಂತಿದ್ದಳು.

"ಕಮಿಲಾ," ಎಂದನಂತೆ ವೆಂದೆಲಿನ್, ಲೋಟವನ್ನೇ ನೋಡುತ್ತಾ. "ಇದನ್ನ ಕುಡಿದ್ರೆ ಮತ್ತೆ ಬರ್ತೀಯಾ?"

"ಬರ್ತೀನಿ."

"ಕುಡೀದಿದ್ರೆ?"

ಅವಳು ಕ್ಯಾಮೆರಾದಿಂದ ಕಣ್ಣೆತ್ತಿ, "ಸುಳ್ಳು ಹೇಳಲಾರೆ. ಗೊತ್ತಿಲ್ಲ," ಎಂದಳಂತೆ.

ಗಂಟೆಗಾಗಿ ಕಾದರು. ಹನ್ನೆರಡು ಕಳೆದು ಒಂದು ನಿಮಿಷ, ಎರಡು, ಐದು.

"ಅಪೊಲೆನಾ ಮುದುಕಿ ಸ್ವರ್ಗದಲ್ಲಿ ಕೆಲಸಕ್ಕೆ ಸೇರಿಬಿಟ್ಲೋ ಏನೋ," ಎಂದ ಫ್ಲೊರಿಯಾನ್.

"ಚಿಕ್ಕಮ್ಮ ಒಬ್ಬರೇ ಹಂಡೆ ಮುಂದೆ ಇದಾರೆ," ಎಂದ ವೆಂದೆಲಿನ್. ಲೋಟವನ್ನು ಮೇಜಿನ ಮೇಲಿಟ್ಟು, ಟೋಪಿಯನ್ನೂ ಅಲ್ಲೇ ಬಿಟ್ಟು ಓಡಿದ.

ಊರ ಇನ್ನೊಂದು ತುದಿಯ ಭಟ್ಟಿಯಿಂದ ಓಡಿ ಬರುವ ಅವನಿಗಿಂತ ಮೊದಲು ಊರೇ ಬಂತು. ಗಂಟೆ ಕೇಳದೆ ಗಾಬರಿಯಾದವರು ಇಗರ್ಜಿಗೆ ಹೋಗಿ, ನನ್ನ ಮನೆಗೆ ಹೋಗಿ, ಕೊನೆಗೆ ಹೊಗೆ ನೋಡಿ ಇತ್ತ ಬಂದರು. ಏಳೆಂಟು ಜನ, ಎದುರು ಮನೆಯ ಹೆದ್ವಿಕಾ ಮುಂದೆ.

"ಅಯ್ಯೋ, ಬದುಕಿದೀಯೇನೇ!" ಎಂದಳು ಹೆದ್ವಿಕಾ. "ನಾನು ಸಾವಿನ ಮನೆಗೆ ಹೊದೆಯೋ ಕಪ್ಪು ಶಾಲು ಹುಡುಕಿ ಹೊದ್ಕೊಂಡು ಬಂದೆ."

"ನಿನಗೆ ನಿರಾಸೆ ಮಾಡಿದ್ದಕ್ಕೆ ಕ್ಷಮಿಸಮ್ಮಾ. ಸೌದೆ ಹಾಕು."

ಅಷ್ಟರಲ್ಲಿ ವೆಂದೆಲಿನ್ ಗೇಟಿಗೆ ಬಂದು ಗುದ್ದಿದ. "ಚಿಕ್ಕಮ್ಮಾ!"

"ಏನೋ ಹಾಗೆ ಅರಚ್ತೀಯಾ? ಬಂದು ಕೋಲು ಹಿಡಿ, ನನ್ನ ತೋಳು ಕಿತ್ತು ಬರ್ತಿದೆ."

ಅವನು ಕೋಲು ಹಿಡಿಯುವಾಗ ನಾನು ಅವನ ಮುಖದ ಹತ್ತಿರ ಮೂಗು ತಂದು ಉಸಿರೆಳೆದೆ. ಬೆವರು ಮಾತ್ರ. ಅಲ್ಲೇ ಕಟ್ಟಿಗೆಯ ರಾಶಿಯ ಮೇಲೆ ಕೂತೆ. ಆಮೇಲೆ ಹೋಗಿ ಗಂಟೆ ಬಾರಿಸಿದೆ, ಒಂದಕ್ಕೆ ಇಪ್ಪತ್ತು ನಿಮಿಷ ಇರುವಾಗ.

ಬಂದವರು ಒಂದಷ್ಟು ಹೊತ್ತು ತಿರುವಿದರು. "ಗಂಟಲು ಒಣಗಿತಲ್ಲೋ ವೆಂದಾ," ಎಂದ ಒಬ್ಬ. ವೆಂದೆಲಿನ್ ಚಹಾ ತಂದ. ಕೇಳಿದವನು ಚಹಾದೊಳಗೆ ಇಣುಕಿ, ಕುಡಿದು, ಮನೆಗೆ ಹೋದ. ಒಬ್ಬೊಬ್ಬರಾಗಿ ಹೋದರು. ಹೆದ್ವಿಕಾ ನಾಲ್ಕರವರೆಗೆ ಇದ್ದಳು. ಕಮಿಲಾ ಒಂದು ಗಂಟೆಯ ಹೊತ್ತಿಗೆ ನಡೆದು ಬಂದಳು. ಕ್ಯಾಮೆರಾವನ್ನು ಕಾರಿನಲ್ಲಿಟ್ಟು, ತೋಳು ಮಡಿಸಿ, ಅಂಗೈ ಬೊಬ್ಬೆ ಬರುವ ತನಕ ತಿರುವಿದಳು. ಹೊರಡುವಾಗ ಅವನ ಕೈ ಹಿಡಿದು, "ಫೋನ್ ಮಾಡ್ತೀನಿ," ಎಂದಳು. ಯಾವಾಗ ಎಂದು ಅವನು ಕೇಳಲಿಲ್ಲ.

ಸಾರಾಯಿಯನ್ನು ಏನು ಮಾಡಲೆಂದು ಫ್ಲೊರಿಯಾನ್ ಹೇಳಿಕಳಿಸಿದ. ಬೇಕಾದವರು ಹಂಚಿಕೊಳ್ಳಲಿ ಎಂದ ವೆಂದೆಲಿನ್. "ಹಾಗಾದ್ರೆ ರುಚಿ ನೋಡೋ ಪಾಪ ನನ್ನ ತಲೆ ಮೇಲಿರಲಿ," ಎಂದು ಫ್ಲೊರಿಯಾನ್ ಸಂತೋಷದಿಂದ ಹೊತ್ತುಕೊಂಡ.

ಫೆಬ್ರವರಿಯಲ್ಲಿ ಸಿನಿಮಾವನ್ನು ಊರ ಸಭಾಭವನದಲ್ಲಿ ತೋರಿಸಿದರು. ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಮೊದಮೊದಲು ನಗು, ಪಿಸುಮಾತು. ಆಮೇಲೆ ಒಬ್ಬೊಬ್ಬರೇ ಸುಮ್ಮನಾದರು. ಪರದೆಯ ಮೇಲೆ ಒಂಬತ್ತು ವರ್ಷ ಕಳೆಯುತ್ತಿತ್ತು. ಒಂದು ಅಡುಗೆಮನೆ, ಒಂದು ಮೇಜು, ಎರಡು ಕುರ್ಚಿ. ಒಂದರಲ್ಲಿ ಅವನು. ಇನ್ನೊಂದರಲ್ಲಿ ಯಾರೂ ಇಲ್ಲ. ಅವನು ಬೀಳುತ್ತಾನೆ, ಏಳುತ್ತಾನೆ, ಕೂದಲು ಬೆಳ್ಳಗಾಗುತ್ತದೆ, ಆ ಕುರ್ಚಿ ಹಾಗೇ ಇರುತ್ತದೆ. ಎಲ್ಲೋ ನಡುವೆ ಕಿಟಕಿಯಾಚೆ, ಬೇಲಿಯಾಚೆ, ತಲೆಗೆ ವಸ್ತ್ರ ಕಟ್ಟಿದ ಒಬ್ಬಳು ಹೆಂಗಸು ನಿಲ್ಲದೆ ಕೈಯೆತ್ತಿ ಹೋಗುತ್ತಾಳೆ. ಅದು ನಾನು. ಅಷ್ಟೇ ನಾನು.

ಕೊನೆಯಲ್ಲಿ ಮೇಜಿನ ಮೇಲೆ ತುಂಬಿದ ಲೋಟ, ಪಕ್ಕದಲ್ಲಿ ಟೋಪಿ, ತೆರೆದ ಬಾಗಿಲು. ಕಮಿಲಾ ಅವನ ಹಿಂದೆ ಓಡಿರಲಿಲ್ಲ, ಅದನ್ನೇ ತೆಗೆಯುತ್ತಾ ನಿಂತಿದ್ದಳು. ದೂರದಿಂದ, ತಡವಾದ ಗಂಟೆಯ ಸದ್ದು.

ಜನ ಎದ್ದು ವೆಂದೆಲಿನ್ ಕೈ ಕುಲುಕಿದರು. ಬರ್ತೀವಿ ಕಣೋ ಮನೆಗೆ ಎಂದರು. ಒಂದೆರಡು ವಾರ ಬಂದರು ಕೂಡ.

ಈಗ ಮಂಗಳವಾರಗಳಂದು ನಾನು ಅವನ ಅಡುಗೆಮನೆಗೆ ಹೋಗುತ್ತೇನೆ, ಆ ಎರಡನೆಯ ಕುರ್ಚಿಯಲ್ಲಿ ಕೂರುತ್ತೇನೆ. ಹೇಳಿಕೊಳ್ಳಲು ನಮ್ಮಿಬ್ಬರಿಗೂ ಹೆಚ್ಚೇನಿಲ್ಲ. ನನ್ನ ಸೊಂಟ, ಅವನ ಕೋಳಿಗಳು. ಯಾರು ಬರಲೆಂದು ಅವನು ಕಾಯುತ್ತಿದ್ದನೋ ಅವಳು ನಾನಲ್ಲ, ಅದು ಇಬ್ಬರಿಗೂ ಗೊತ್ತು. ಕೆಳಗಿನ ರಸ್ತೆಯಲ್ಲಿ ಸಣ್ಣ ಕಾರಿನ ಸದ್ದಾದರೆ ಚಹಾದ ಲೋಟ ಹಿಡಿದ ಅವನ ಕೈ ಅರ್ಧದಲ್ಲೇ ನಿಲ್ಲುತ್ತದೆ. ನಾನು ಕಾರು ತಿರುವು ದಾಟುವ ತನಕ ಕಾಯುತ್ತೇನೆ. ಆಮೇಲೆ ಬ್ರೆಡ್ಡಿಗೆ ಪಾಕ ಹಚ್ಚಿ ಅವನ ಮುಂದೆ ಸರಿಸುತ್ತೇನೆ.