ಹಗುರ ಮೋಟಾರಿನ ಮಲಂಗಸಾಬರು

ಮಲಂಗಸಾಬರು ಯಾವ ವಸ್ತುವಿನ ಬಗ್ಗೆಯೇ ಆಗಲಿ, ಅದನ್ನು ಒಮ್ಮೆ ಎತ್ತಿ ನೋಡದೆ ಮಾತಾಡಿದವರಲ್ಲ. ಚಹದ ಕಪ್ಪು ಕೊಟ್ಟರೆ ಮೊದಲು ಅಂಗೈಯಲ್ಲಿಟ್ಟು ತೂಗಿ ಆಮೇಲೆ ತುಟಿಗೆ ಹಚ್ಚುವರು. ನನ್ನ ಕೈಯಲ್ಲಿದ್ದ ಪುಸ್ತಕವನ್ನು ಇಸಕೊಂಡು, ಒಂದು ಪುಟವನ್ನೂ ತಿರುವದೆ, ಎರಡು ಸಲ ಮೇಲೆ ಕೆಳಗೆ ಮಾಡಿ, "ಭಾರ ಭಾಳ ಐತ್ರಿ ಸರ, ಇಷ್ಟು ಬೇಕಾಗಿದ್ದಿಲ್ಲ" ಎಂದು ಹಿಂದಿರುಗಿಸುವರು. ಆ ಪುಸ್ತಕದ ಮಟ್ಟಿಗೆ ಅದಕ್ಕಿಂತ ನ್ಯಾಯವಾದ ವಿಮರ್ಶೆಯನ್ನು ನಾನು ಎಲ್ಲಿಯೂ ಓದಲಿಲ್ಲ. ಗದಗಿನ ಕಾಲೇಜಿನಲ್ಲಿ ಪಾಠ ಹೇಳುತ್ತ, ಬೆಟಗೇರಿಯಲ್ಲಿ ಅವರ ಮನೆಗೂ ಕೆಲಸದ ಛಪ್ಪರಕ್ಕೂ ಎದುರಿಗಿದ್ದ ಮನೆಯನ್ನು ಬಾಡಿಗೆಗೆ ಹಿಡಿದ ಹೊಸತರಲ್ಲಿ, ನಮಸ್ಕಾರಕ್ಕೆಂದು ಎತ್ತಿದ ನನ್ನ ಕೈಯನ್ನೂ ಅವರು ಮಣಿಕಟ್ಟಿನಲ್ಲಿ ಹಿಡಿದು ತೂಗಿ ನೋಡಿದ್ದರು.

ಟಾಂಗಾ ಕಟ್ಟುವ ಮನೆತನ ಅವರದು. ತಂದೆ ಕಟ್ಟಿದ ಟಾಂಗಾಗಳು ಲಕ್ಷ್ಮೇಶ್ವರ, ಶಿರಹಟ್ಟಿಗಳ ಬೀದಿಗಳಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿದ್ದವಂತೆ. "ಕುದರಿ ಮಾತಾಡಂಗಿಲ್ಲರಿ, ಅದಕ್ಕ ಕಟ್ಟಾವ ತಿಳಕೋಬೇಕು" ಎಂಬುದು ಆ ತಂದೆಯಿಂದ ಬಂದ ಮಾತು. ಟಾಂಗಾಗಳು ಹೋಗಿ ಆಟೋಗಳು ಬಂದವು. ಮಲಂಗಸಾಬರು ಹೊಟ್ಟೆಪಾಡಿಗೆ ಲಾರಿಗಳ ಮರಗೆಲಸ ಮಾಡುತ್ತಿದ್ದರಾದರೂ ಲಾರಿಯೆಂದರೆ ಅವರಿಗೆ ಒಳಗೊಳಗೆ ತಿರಸ್ಕಾರ. ತೆಳ್ಳಗಿನ ದೇಹ, ಮುಂಗಾಲ ಮೇಲೆ ಸಪ್ಪಳವಿಲ್ಲದ ನಡಿಗೆ. ಮೈಮೇಲೆ ಸದಾ ಒಂದು ಕರಿ ಕೋಟು, ಆ ಕೋಟಿಗೆ ಜೇಬುಗಳಿಲ್ಲ. ಇದ್ದವನ್ನು ಅವರೇ ಬ್ಲೇಡಿನಿಂದ ಬಿಚ್ಚಿ ತೆಗೆದಿದ್ದರು. ಜೇಬಿದ್ದರೆ ಅದರಲ್ಲಿ ಏನಾದರೂ ಬಂದು ಕೂಡುತ್ತದೆಂದು ಅವರ ತಕರಾರು.

ಇಂಥ ಮನುಷ್ಯನಿಗೆ ಎರಡೇ ಆಸನದ ಆ ವಿಲಾಯತಿ ಮೋಟಾರು ಗಂಟುಬಿದ್ದುದರಲ್ಲಿ ಆಶ್ಚರ್ಯವೇನಿಲ್ಲ. ಮುಂಡರಗಿಯ ಕಡೆ ಮುಚ್ಚಿಹೋದ ಹತ್ತಿ ಗಿರಣಿಯೊಂದರ ಗೋದಾಮಿನಲ್ಲಿ, ಎಂದೋ ದೇಶ ಬಿಟ್ಟುಹೋದ ಸಾಹೇಬನೊಬ್ಬನ ಪಂದ್ಯದ ಗಾಡಿ ಅದು, ಕೋಳಿಗಳಿಗೆ ಗೂಡಾಗಿ ಬಿದ್ದಿತ್ತು. ಎಂಜಿನ್ನನ್ನು ಬಿಚ್ಚಿ ಗದಗಿನ ಗ್ಯಾರೇಜಿಗೆ ಕಳಿಸಿ, ಉಳಿದ ಗಾಡಿಯನ್ನು ಹಗ್ಗ ಬಿಗಿದು ನಮ್ಮ ಓಣಿಯ ತಿರಕಪ್ಪನ ಚಕ್ಕಡಿಯ ಮೇಲೆ ಹೇರಿ ಬೆಟಗೇರಿಗೆ ತಂದರು. ಹತ್ತಿಯ ಅಂಡಿಗೆಗಳನ್ನೇ ಎಳೆದು ಬೆಳೆದ ತಿರಕಪ್ಪನ ಎತ್ತುಗಳು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. "ಖಾಲಿ ಚಕ್ಕಡಿ ಅಂತ ತಿಳದು ಓಡಾಕ ಹತ್ತಿದ್ವರಿ" ಎಂದು ತಿರಕಪ್ಪ ಹೇಳಿದಾಗ ಮಲಂಗಸಾಬರ ಮುಖದಲ್ಲಿ ಕಂಡ ಹಿಗ್ಗನ್ನು ನಾನು ಮರೆಯಲಾರೆ.

ಆ ಹಿಗ್ಗಿನ ಹಿಂದೆ ಒಂದು ಸಂಕಟವಿತ್ತು. ಅವರ ಒಬ್ಬಳೇ ಮಗಳು ಸಾಬೀರಾಳನ್ನು ಹೆಂಡತಿ ಗುಲಾಬಬಿಯ ತವರೂರಾದ ಲಕ್ಷ್ಮೇಶ್ವರಕ್ಕೆ, ಆಕೆಯ ಅಕ್ಕ ಮೋತಿಬಿಯ ಮನೆಗೆ ಸೊಸೆಯಾಗಿ ಕೊಡುವುದೆಂದು ಮಾತಾಗಿತ್ತು. ಮದುವೆಗೆ ಮುಂಚೆ ಹುಡುಗಿ ಜ್ವರದಲ್ಲಿ ತೀರಿಕೊಂಡಳು. ಅಂದಿನಿಂದ ಗುಲಾಬಬಿ ತವರಿನ ದಾರಿ ತುಳಿಯಲಿಲ್ಲ. ಬಸ್ಸು ತರುಬಿದರೂ ಹತ್ತಲಿಲ್ಲ, ಅಕ್ಕನೇ ಬಂದು ಕರೆದರೂ ಹೊಸಿಲು ದಾಟಲಿಲ್ಲ. ಈಗ ಮೋತಿಬಿಯ ಕಣ್ಣು ಮಂಜಾಗುತ್ತ ಬಂದು, ಪೂರ್ತಿ ಹೋಗುವುದರೊಳಗೆ ತಂಗಿಯ ಮುಖ ಒಮ್ಮೆ ಕಾಣಬೇಕೆಂದು ಖಬರು ಕಳಿಸಿದ್ದಳು. ತಾವೇ ಕಟ್ಟಿದ ಗಾಡಿಯಲ್ಲಿ, ತಮ್ಮ ಪಕ್ಕದಲ್ಲಿ ಕೂಡಿಸಿಕೊಂಡರೆ ಹೆಂಡತಿ ಬಂದಾಳೆಂಬ ಒಂದೇ ಆಸೆಯ ಮೇಲೆ ಮಲಂಗಸಾಬರು ಆ ಮೋಟಾರಿನ ಬೆನ್ನು ಹತ್ತಿದ್ದರು.

ಗಾಡಿಯ ಮೇಲೆ ಕಂಡದ್ದು ತೆಳು ತಗಡು. ಒಳಗಿನ ಅಸ್ಥಿಪಂಜರವೆಲ್ಲ ಮರ. ಆ ಮರವನ್ನು ಗೆದ್ದಲು ತಿಂದುಹಾಕಿತ್ತು. ಜಾಲಿ ತಂದರು, ಬೇವು ತಂದರು, ಹೊಸ ಸಾಗವಾನಿ ತಂದರು; ಒಂದೊಂದನ್ನೂ ಎತ್ತಿ ನೋಡಿ, ಭಾರವೆಂದು ಬದಿಗೆ ಒಗೆದರು. ತಿಂಗಳುಗಟ್ಟಲೆ ಕೆಲಸ ನಿಂತಿತು. ಆಮೇಲೆ ಒಂದು ದಿನ ಎಲ್ಲಿಂದಲೋ ಮರ ಸಿಕ್ಕಿತು: ಎರಡು ಉದ್ದನೆಯ ಹಳೆಯ ದಂಡಿಗೆ, ಅಡ್ಡಪಟ್ಟಿಗಳು, ಕೈಯಾಡಿ ಕೈಯಾಡಿ ಕನ್ನಡಿಯಂತೆ ನುಣುಪಾದವು. ಎಲ್ಲಿಯದೆಂದು ಕೇಳಿದೆ. "ನಮ್ಮಪ್ಪ ಮಾಡಿದ್ದರಿ" ಎಂದಷ್ಟೇ ಹೇಳಿ ಉಳಿ ಎತ್ತಿಕೊಂಡರು. ದಂಡಿಗೆಗಳು ಗಾಡಿಯ ಎರಡೂ ಬದಿಯ ಅಂಚಾದವು, ಅಡ್ಡಪಟ್ಟಿಗಳು ಆಸನದ ಕೆಳಗಿನ ನೆಲವಾದವು. ಕೆಲಸ ಮುಗಿದ ದಿನ ಹಿಂಬದಿಯ ಮೂಲೆಯನ್ನು ಹಿಡಿದು, ಒಂದು ಗಾಲಿ ನೆಲ ಬಿಡುವಷ್ಟು ಎತ್ತಿ, ಮೆಲ್ಲಗೆ ಇಳಿಸಿ ನನ್ನ ಕಡೆ ನೋಡಿದರು. ಆ ನೋಟದಲ್ಲಿದ್ದ ಗರ್ವವನ್ನು ನಾನು ಮನಸಾರೆ ಒಪ್ಪಿಕೊಂಡೆ.

ಎಂಜಿನ್ನು ಕೂಡಿಸಲು ಗಾಡಿಯನ್ನು ಗದಗಿನ ಕಳಕಪ್ಪನ ಗ್ಯಾರೇಜಿಗೆ ನೂಕಿಕೊಂಡು ಹೋಗಬೇಕಿತ್ತು. ಬೆಳಗಿನ ಹೊತ್ತು, ಚೊಕ್ಕ ಬಿಸಿಲು. ಮಲಂಗಸಾಬರು ಒಂದು ಬದಿ, ತಿರಕಪ್ಪ ಇನ್ನೊಂದು ಬದಿ. ಇಬ್ಬರಿಗೇ ಸಾಕಾಗಿದ್ದ ಆ ಕೆಲಸವನ್ನು ನಾನು ಬಾಗಿಲಲ್ಲಿ ನಿಂತು ಮೋಜಿನಿಂದ ನೋಡುತ್ತಿದ್ದೆ. ಗಾಡಿ ಓಣಿಗೆ ತಿರುಗಿತೋ ಇಲ್ಲವೋ, ನೇಕಾರನೊಬ್ಬ ಮಗ್ಗದ ಕುಣಿಯಿಂದ ಎದ್ದು ಬಂದು, ಅಂಚಿಗೆ ಕೈ ಹಚ್ಚಿ, ನಾಲ್ಕು ಹೆಜ್ಜೆ ನಡೆದು, ಹಿಂದಿನವನಿಗೆ ಜಾಗ ಬಿಟ್ಟು ತಿರುಗಿ ಹೋದ. ಹಿಂದಿನವನೊಬ್ಬ ಇದ್ದ. ಅವನ ಹಿಂದೆ ಮತ್ತೊಬ್ಬ. ಕಿರಾಣಿ ಅಂಗಡಿಯವ ತಕ್ಕಡಿ ಬಿಟ್ಟು ಬಂದ. ಸೈಕಲ್ಲಿನ ಮೇಲೆ ಹೊರಟವ ಇಳಿದು ಸೈಕಲ್ಲನ್ನು ಗೋಡೆಗಾನಿಸಿ ಬಂದ. ಯಾರನ್ನೂ ಯಾರೂ ಕರೆದಿರಲಿಲ್ಲ. ಅಂಥ ವಿಚಿತ್ರ ಗಾಡಿಯನ್ನು ಒಬ್ಬನೂ ಕಣ್ಣೆತ್ತಿ ನೋಡಲಿಲ್ಲ, ಒಂದು ಮಾತು ಕೇಳಲಿಲ್ಲ. ತಲೆ ತಗ್ಗಿಸಿ ಬಂದು, ಕೈಕೊಟ್ಟು, ಸರಿದು ಹೋದರು. ಓಣಿಯಲ್ಲಿ ಮಗ್ಗಗಳ ಸಪ್ಪಳ ನಿಂತುಹೋಗಿತ್ತು.

ನಾನು ದೆವ್ವ ಭೂತಗಳ ಮನುಷ್ಯನಲ್ಲ. ಅಂಥ ಮಾತೆತ್ತಿದವರನ್ನು ಗೇಲಿ ಮಾಡಿಯೇ ಬದುಕಿದವ. ಆದರೆ ಗ್ಯಾರೇಜಿನ ಮುಂದೆ ಗಾಡಿ ನಿಂತಾಗ ನನ್ನ ಕೈಯೂ ಅದರ ಅಂಚಿನ ಮೇಲಿತ್ತು. ಬಾಗಿಲಲ್ಲಿ ನಿಂತಿದ್ದವ ಯಾವಾಗ ಇಳಿದು ಬಂದೆ, ಗದಗಿನವರೆಗೆ ಹೇಗೆ ನಡೆದೆ, ತಿಳಿಯದು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮನೆಗೆ ಬಂದು ನೋಡಿದರೆ ಅವು ಮೆಟ್ಟಿಲ ಬದಿಗೆ ಜೋಡಿಸಿಟ್ಟಂತೆ ಇದ್ದವು. ಆ ನೇಕಾರನನ್ನು ಮರುದಿನ ಕೇಳಿದರೆ, "ಹೋಗಬೇಕು ಅನ್ನಿಸ್ತರಿ, ಹ್ವಾದೆ" ಎಂದು ಲಾಳಿ ಎಸೆಯತೊಡಗಿದ. ಮಲಂಗಸಾಬರ ಮುಖ ಮಾತ್ರ ಅಂದು ಬಿಳಿಚಿಕೊಂಡಿತ್ತು. ಕಳಕಪ್ಪ ಕೊಟ್ಟ ಚಹವನ್ನು ಅವರು ತೂಗಿ ನೋಡದೆ ಕುಡಿದರು.

ಎಂಜಿನ್ನು ಕೂತು, ಗಾಡಿ ತಾನಾಗಿ ಓಡುತ್ತ ಛಪ್ಪರಕ್ಕೆ ಬಂದ ಮರುದಿನ ಬೆಳಿಗ್ಗೆ ಮಲಂಗಸಾಬರು ಅದನ್ನು ಮನೆಯ ಮುಂದೆ ತಂದು ನಿಲ್ಲಿಸಿ ಹೆಂಡತಿಯನ್ನು ಕರೆದರು. ಗುಲಾಬಬಿ ಬಹಳ ಹೊತ್ತು ಬಾಗಿಲಲ್ಲೇ ನಿಂತಳು. ನಾನು ಎದುರುಮನೆಯಿಂದ ನೋಡುತ್ತಿದ್ದೆ. ಈಕೆ ಹತ್ತದಿದ್ದರೆ ಈ ಮನುಷ್ಯನ ಗತಿಯೇನೆಂದು ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಆಕೆ ಬಂದಳು. ಆಸರೆಗೆಂದು ಅಂಚಿನ ದಂಡಿಗೆಯ ಮೇಲೆ ಕೈಯಿಟ್ಟಳು. ಕೈ ಅಲ್ಲಿಯೇ ನಿಂತಿತು. ಬೆರಳುಗಳು ಮರದಗುಂಟ ಹಿಂದಕ್ಕೆ ಸರಿದು, ಒಂದು ಸಣ್ಣ ಕಚ್ಚನ್ನು ಹುಡುಕಿ, ಅದರಲ್ಲಿ ಕೂತವು.

"ಇದು ಮಸೂತಿ ಡೋಲಿ ಅಲ್ಲೇನ್ರಿ?"

ಮಲಂಗಸಾಬರು ತಲೆ ತಗ್ಗಿಸಿದರು. ಹೌದು, ಮಸೀದಿಗೆ ಕಬ್ಬಿಣದ ಹೊಸ ಡೋಲಿ ಬಂದಾಗ, ಹೆಣ ಹೊರುವ ಹಳೆಯ ಮರದ ಡೋಲಿಯನ್ನು, ಅವರ ತಂದೆಯೇ ಮಾಡಿದ್ದೆಂದು, ಹಿರಿಯರು ಅವರಿಗೆ ಕೊಟ್ಟಿದ್ದರು. ಅಷ್ಟು ಹಗುರಾದ, ಅಷ್ಟು ಗಟ್ಟಿಯಾದ ಮರ ಎಲ್ಲಿಯೂ ಸಿಕ್ಕಿರಲಿಲ್ಲ. ಎಷ್ಟೋ ಮಂದಿಯನ್ನು ಅದರ ಮೇಲೆ ಹೊತ್ತು ನಾಲ್ಕು ಹೆಜ್ಜೆ ನಡೆದ ಊರಿನ ಗಂಡಸರ ಹೆಗಲಿಗೆ ಅದರ ಪರಿಚಯವಿತ್ತು. ಆದರೆ ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ. ಹೊಸಿಲಿನವರೆಗೆ ಬಂದು, ಡೋಲಿಯ ದಂಡಿಗೆ ಹಿಡಿದು, ಬಿಡಿಸುವ ತನಕ ಅಳುತ್ತಾರೆ. ಸಾಬೀರಾ ಹೋದ ದಿನ ಗುಲಾಬಬಿಯ ಬೆರಳುಗಳನ್ನು ಈ ದಂಡಿಗೆಯಿಂದಲೇ ಒಂದೊಂದಾಗಿ ಬಿಡಿಸಿದ್ದರು.

"ನಾ ಬಿಚ್ಚಿ ಒಗೀತೇನಿ" ಎಂದರು ಮಲಂಗಸಾಬರು.

"ಬ್ಯಾಡ್ರಿ" ಎಂದಳು ಆಕೆ. "ಅವತ್ತು ಬಾಗಲದಾಗ ಬಿಟ್ಟಿದ್ದೆ. ಇವತ್ತು ನಾನೂ ಹೋಗತೇನಿ." ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹತ್ತಿ ಕೂತಳು. ಗಾಡಿ ಹೊರಟಿತು. ಓಣಿಯುದ್ದಕ್ಕೂ ಗಂಡಸರು ಎದ್ದು ಬಂದು, ಬದುಕಿದ್ದ ಆ ಹೆಂಗಸಿನ ಪಕ್ಕದಲ್ಲಿ ಅಂಚಿಗೆ ಕೈ ಹಚ್ಚಿ ನಾಲ್ಕು ಹೆಜ್ಜೆ ನಡೆದರು.

ಅವರು ತಿರುಗಿ ಬಂದದ್ದು ಮರುದಿನ ಮಧ್ಯಾಹ್ನ. ಅಕ್ಕತಂಗಿಯರು ಮುಖ ನೋಡಿದ್ದಾಗಿತ್ತು. ಗುಲಾಬಬಿಯ ಕಣ್ಣು ಅತ್ತು ಊದಿದ್ದರೂ ಮುಖ ತಿಳಿಯಾಗಿತ್ತು. ಈ ಸಲ ಓಣಿಯಲ್ಲಿ ಯಾರೂ ಎದ್ದು ಬರಲಿಲ್ಲ. ಆದರೆ ಗಾಡಿಯ ಮೈ ಗಾಲಿಗಳಿಗೆ ತಾಗುವಷ್ಟು ಕುಸಿದಿತ್ತು. ಎರಡು ತೆಳ್ಳನೆಯ ಜೀವಗಳು ಕೆಳಗಿಳಿದವು. ಕುಸಿದ ಗಾಡಿ ಮೇಲೇಳಲಿಲ್ಲ. ಮಲಂಗಸಾಬರು ಅಭ್ಯಾಸದಂತೆ ಹಿಂಬದಿಯ ಮೂಲೆ ಹಿಡಿದು ಎತ್ತಿದರು. ಕುತ್ತಿಗೆಯ ನರ ಉಬ್ಬಿತು, ಗಾಲಿ ಅಲುಗಲಿಲ್ಲ. ನಾನೂ ಹೋಗಿ ಕೈ ಹಚ್ಚಿದೆ. ನೆಲದಲ್ಲಿ ಹೂತ ಬಂಡೆಯನ್ನು ಎತ್ತಲು ಹೋದಂತಾಯಿತು.

ಏನಾಯಿತೆಂದು ಅವರು ನನಗೆ ಹೇಳಿದ್ದು ಬಹಳ ದಿನಗಳ ಮೇಲೆ. ಲಕ್ಷ್ಮೇಶ್ವರ ಬಿಟ್ಟಾಗಿನಿಂದ ಗಾಡಿ ಏಗುತ್ತಿತ್ತು. ಶಿರಹಟ್ಟಿ ದಾಟಿದ ಮೇಲೆ ಏರಿನಲ್ಲಿ ನಿಂತೇ ಬಿಡುವಂತಾಗಿ, ಅವರು ಸಿಟ್ಟಿನಿಂದ ಜೋರು ಮಾಡಹೋದಾಗ, ಗುಲಾಬಬಿ ಅವರ ಮೊಣಕೈ ಮೇಲೆ ಕೈಯಿಟ್ಟು ಹೇಳಿದಳಂತೆ: "ಸಾವಕಾಶ ಹೊಡೀರಿ. ಮಂದಿ ಭಾಳ ಅದಾರ." ಹಿಂದಕ್ಕೆ ತಿರುಗಿ ನೋಡಿದಿರೇನೆಂದು ಕೇಳಿದೆ. "ಎರಡ ಸೀಟಿನ ಗಾಡಿರಿ ಸರ, ಹಿಂದ ಎಲ್ಲಿ ನೋಡೂದು" ಎಂದರು. ಕೈಯಲ್ಲಿದ್ದ ಮೊಳೆಯೊಂದನ್ನು ತೂಗಿ ನೋಡುತ್ತ, "ಆಕಿ ಮಾತ್ರ ಒಂದ ಬದಿಗೆ ಸರದು ಕುಂತಿದ್ಲರಿ, ನಡಕ ಜಾಗಾ ಬಿಟ್ಟು" ಎಂದರು.

ಗಾಡಿಯನ್ನು ಬಿಚ್ಚುವರೆಂದು ನಾನು ಎಣಿಸಿದ್ದೆ. ಅವರು ಕಮ್ಮಾರನ ಬಳಿ ಹೋಗಿ, ಗಾಲಿಗಳ ಮೇಲೆ ಭಾರ ತಾಳುವ ಪ್ರತಿಯೊಂದು ಕಮಾನಿಗೂ ಒಂದೊಂದು ಉಕ್ಕಿನ ಪಟ್ಟಿಯನ್ನು ಹೆಚ್ಚಿಗೆ ಹಾಕಿಸಿಕೊಂಡು ಬಂದರು. ತಮ್ಮ ಆಯುಷ್ಯದಲ್ಲಿ ಯಾವುದಕ್ಕಾದರೂ ಅವರು ಭಾರ ಸೇರಿಸಿದ್ದು ಅದೊಂದೇ ಸಲ. ಗಾಡಿ ಕುಸಿದಷ್ಟೇ ಎತ್ತರಕ್ಕೆ ಎದ್ದು ನಿಂತಿತು. ಆಮೇಲೆ ಗುಲಾಬಬಿ ತವರಿಗೆ ಹೋಗುವುದನ್ನು ತಪ್ಪಿಸಲಿಲ್ಲ. ಮಲಂಗಸಾಬರು ಮೋಟಾರನ್ನು ಎತ್ತಿನ ನಡಿಗೆಯಲ್ಲಿ ಹೊಡೆಯುತ್ತಿದ್ದರು. ಪಂದ್ಯಕ್ಕೆಂದು ಹುಟ್ಟಿದ ಗಾಡಿಯನ್ನು ಸೈಕಲ್ಲಿನವರು ಹಿಂದೆ ಹಾಕಿ ಹೋಗುತ್ತಿದ್ದರು.

ಹಗುರವನ್ನೇ ಧರ್ಮ ಮಾಡಿಕೊಂಡ ಇಂಥ ಕುಶಲಿಗರು ನಮ್ಮ ಸಣ್ಣ ಊರುಗಳಲ್ಲಿ ಇನ್ನೂ ಕೆಲವರಿದ್ದಾರೆ. ಒಂದು ಮೊಳೆ ಹೆಚ್ಚಾದರೂ ನಿದ್ದೆಗೆಡುವವರು. ಅವರಿಗೆ ಭಾರವೆಂದರೆ ಭಯವಿರಬೇಕೆಂದು ನಾನು ಬಹುಕಾಲ ತಿಳಿದಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಜೇಬನ್ನೂ ಕತ್ತರಿಸಿ, ತಗಡನ್ನೂ ತೆಳುಮಾಡಿ, ಬದುಕಿನಿಂದ ಬೇಡದ್ದನ್ನೆಲ್ಲ ಅವರು ಕಳೆಯುತ್ತ ಬರುವುದು, ಕೆಳಗಿಳಿಸಲು ಮನಸ್ಸೊಪ್ಪದ ಒಂದು ಭಾರ ಒಂದು ದಿನ ಬಂದಾಗ ಅದಕ್ಕೆ ಜಾಗ ಇರಲೆಂದು.