ಯಾಕಮ್ಮನ ಕೊನೆಯ ಗುಂಡು

ಮುಚ್ಚಿದ್ದು ಯಾವುದೇ ಇರಲಿ, ಅದರ ಒಳಗನ್ನು ಇಣುಕಿ ನೋಡದೆ ಮುಂದೆ ಹೋಗಲಾರದ ಸ್ವಭಾವ ಆ ಡಾಕ್ಟರಮ್ಮನದು. ವೃತ್ತಿಯಿಂದ ದಂತವೈದ್ಯೆ, ದಿನವಿಡೀ ಪರರ ಬಾಯಿಗೆ ಬಾಗಿ ಬಾಗಿ ತಲೆ ಎಡಕ್ಕೆ ವಾಲುವ ಅಭ್ಯಾಸ ಎಷ್ಟು ಬಲಿತಿತ್ತೆಂದರೆ, ಬೀದಿಯಲ್ಲಿ ನಡೆದು ಬರುವಾಗಲೂ ಎದುರಿನ ಕಟ್ಟಡಗಳ ಸಾಲಿನಲ್ಲಿ ಹುಳುಕು ಹುಡುಕುತ್ತಿರುವಂತೆ ಕಾಣುತ್ತಿದ್ದರು. ಯಾರು ಏನು ಹೇಳಿದರೂ “ಅದೇನೋ ಸರಿ, ಆದ್ರೆ ಯಾಕೆ?” ಎಂಬುದು ಅವರ ಮಾತಿನ ಪಲ್ಲವಿ. ಅವರು ಗುರಿ ಹೊಡೆಯಲು ಹೋಗುತ್ತಿದ್ದ ರೈಫಲ್ ಕ್ಲಬ್ಬಿನವರು ಬೆನ್ನ ಹಿಂದೆ ಅವರಿಗೆ ಯಾಕಮ್ಮ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಹಾಗೆ ಕರೆಯುವುದು ಯಾಕೆ ಎಂದು ಮಾತ್ರ ಅವರು ಕೇಳಲಿಲ್ಲ.

ಒಮ್ಮೆ ಚಿಕಿತ್ಸಾಲಯದ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗಿದ್ದವರೆಲ್ಲ ಗೋಡೆ ಬಡಿದು ಕೂಗುತ್ತಿದ್ದಾಗ ಈಕೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬಾಗಿಲ ಸಂದಿಗೆ ಕಿವಿಗೊಟ್ಟಿದ್ದರು. ಲಿಫ್ಟು ತಾನಾಗಿಯೇ ಹೊರಟಾಗ ಉಳಿದವರು ನಿಟ್ಟುಸಿರು ಬಿಟ್ಟರೆ, ಇವರು “ಅಯ್ಯೋ, ಯಾಕೆ ನಿಂತಿತು ಅಂತ ಗೊತ್ತಾಗೋಷ್ಟರಲ್ಲಿ ಹೊರಟೇಬಿಡ್ತಲ್ಲ” ಎಂದು ಪೇಚಾಡಿಕೊಂಡರಂತೆ. ಜೊತೆಯಲ್ಲಿದ್ದು ಬೆವೆತು ನೀರಾಗಿದ್ದ ಅವರ ತಮ್ಮ ಇದನ್ನು ನೆನೆದಾಗಲೆಲ್ಲ ಹಣೆ ಚಚ್ಚಿಕೊಳ್ಳುತ್ತಿದ್ದ.

ಈ ತಮ್ಮನೇ ಪ್ರತಿ ಭಾನುವಾರ ಅಕ್ಕನನ್ನು ಕಾರಿನಲ್ಲಿ ಗುಂಡು ಹಾರಿಸುವ ರೇಂಜಿಗೆ ಕರೆದೊಯ್ಯುವವನು, ಆಕೆಯ ಚಾಪೆ ಹೊರುವವನು. ಗುರಿಕಾರರ ಕ್ಯಾನ್ವಾಸಿನ ದಪ್ಪ ಕೋಟು ತೊಟ್ಟರೆ ಅಕ್ಕನಿಗೆ ಮೊಣಕೈ ಮಡಿಸುವುದೂ ಕಷ್ಟ. ಕಪಾಟೊಂದು ಕಾಲು ಬಂದು ನಡೆದಂತೆ ಸಾಗಿ, ಚಾಪೆಯ ಮೇಲೆ ಬೋರಲಾಗಿ, ರೈಫಲಿನ ಹಿಂದೆ ಕಲ್ಲಿನಷ್ಟು ನಿಶ್ಚಲರಾಗಿಬಿಡುತ್ತಿದ್ದರು. ನಗರದ ತಂಡದಲ್ಲಿ ಒಮ್ಮೆಯಾದರೂ ನಿಲ್ಲಬೇಕೆಂಬುದು ಅವರ ಬಹುಕಾಲದ ಆಸೆ. ಅದು ವರ್ಷ ವರ್ಷವೂ ಕೂದಲೆಳೆಯಲ್ಲಿ ತಪ್ಪುತ್ತಿತ್ತು. ಈಗ ವಯಸ್ಸು ಐವತ್ತು ದಾಟಿ, ಬಲಗಣ್ಣಿನ ನೋಟ ಕುಂದತೊಡಗಿತ್ತು. ಮುಂದಿನ ವರ್ಷದ ಭರವಸೆಯನ್ನು ಕಣ್ಣಿನ ವೈದ್ಯರೇ ಕೊಟ್ಟಿರಲಿಲ್ಲ.

ಆ ಸಲದ ಆಯ್ಕೆಯ ಪಂದ್ಯದಲ್ಲಿ ಒಂದೇ ಗುಂಡು ಉಳಿದಿತ್ತು. ಹತ್ತಕ್ಕೆ ಒಂಬತ್ತು ಅಂಕ ಬಂದರೆ ಸಾಕು, ಸ್ಥಾನ ಖಚಿತ. ಅವರಿಗೆ ಒಂಬತ್ತೆಂದರೆ ನೀರು ಕುಡಿದಷ್ಟು ಸಲೀಸು. ತಮ್ಮ ಹಗ್ಗದಾಚೆ ನಿಂತು ನೋಡುತ್ತಿದ್ದ. ಅಕ್ಕ ರೈಫಲಿನ ಟ್ರಿಗರ್ ಎಳೆದರು. ಟಿಕ್ ಎಂಬ ಒಣ ಸದ್ದು ಬಂತೇ ಹೊರತು ಗುಂಡು ಹಾರಲಿಲ್ಲ.

ತಡವಾಗಿ ಸಿಡಿದೀತೆಂಬ ಎಚ್ಚರದಿಂದ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು, ಕೈ ಎತ್ತಿ, ನಿಯಮದಂತೆ ಕಾದರು. ರೇಂಜಿನ ಅಧಿಕಾರಿ ಬಂದು ಹೇಳಿದ: “ಈಗ ತೆಗೀರಿ ಡಾಕ್ಟ್ರೇ. ಬೇರೆ ಹಾಕಿ ಹೊಡೀರಿ, ಟೈಮಿದೆ.”

ಸಿಡಿಯದ ಕಾಡತೂಸನ್ನು ಹೊರತೆಗೆದ ಅವರು ಅದನ್ನು ಬೆಳಕಿಗೆ ಹಿಡಿದರು; ತಲೆ ಎಡಕ್ಕೆ ವಾಲಿತು. ಆ ವಾಲುವಿಕೆಯ ಅರ್ಥ ತಮ್ಮನಿಗೆ ಗೊತ್ತಿತ್ತು. ಆ ಸಣ್ಣ ಕಾಡತೂಸಿನ ಬುಡದ ಅಂಚಿನೊಳಗೆ ಸುತ್ತಲೂ ಮದ್ದು ಹರಡಿರುತ್ತದೆ, ರೈಫಲಿನೊಳಗಿನ ಸೂಜಿ ಅಂಚಿನ ಒಂದು ಕಡೆ ಕುಟ್ಟಿದಾಗ ಅದು ಹೊತ್ತಿಕೊಳ್ಳುತ್ತದೆ. ಇಲ್ಲಿ ಪೆಟ್ಟಿನ ಗುರುತು ಆಳವಾಗಿಯೇ ಇತ್ತು. ಅಂದಮೇಲೆ ರೈಫಲಿನ ತಪ್ಪಲ್ಲ. ಪೆಟ್ಟು ಬಿದ್ದ ಜಾಗದಲ್ಲೇ ಮದ್ದು ಇಲ್ಲದಿರಬೇಕು. ಇನ್ನೊಂದು ಕಡೆ ಇದ್ದೀತೇ? ಅವರು ಕಾಡತೂಸನ್ನು ಅರ್ಧ ಸುತ್ತು ತಿರುಗಿಸಿ ಅದನ್ನೇ ಮತ್ತೆ ಒಳಗಿಟ್ಟರು.

“ಹೊಸದು ಹಾಕ್ಕೊಳ್ಳಿ ಡಾಕ್ಟ್ರೇ. ಹಳೇದು ಹಾಕಬಾರದು ಅಂತೇನಿಲ್ಲ, ಆದ್ರೆ ಎಡವಟ್ಟಾದ್ರೆ ಅಂಕ ಹೋಗುತ್ತೆ,” ಎಂದ ಅಧಿಕಾರಿ.

“ಹೋದ್ರೆ ನನ್ನ ಊಹೆ ತಪ್ಪು ಅಂತಾದ್ರೂ ಗೊತ್ತಾಗುತ್ತಲ್ಲ,” ಎಂದು ಅವರು ಮತ್ತೆ ಕಣ್ಣಿಟ್ಟರು.

ಗುಂಡು ಸಿಡಿಯಿತು. ಬಿದ್ದದ್ದು ಗುರಿಹಲಗೆಯ ಏಳಂಕದ ವೃತ್ತದಲ್ಲಿ, ನಡುವಿನಿಂದ ಕೆಳಕ್ಕೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಚಾಪೆಯ ಮೇಲೆ ಮಲಗಿದ್ದವರು ಮಾತ್ರ “ಇತ್ತು! ಆ ಕಡೆ ಇತ್ತು!” ಎಂದು ಗಟ್ಟಿಯಾಗಿ ನಕ್ಕರು.

ಕಾರಿನಲ್ಲಿ ತಮ್ಮ ತಡೆಯಲಾರದೆ ಸಿಡಿದ: “ನಿಂಗೆ ತಂಡ ಬೇಡ್ವಾಗಿತ್ತಾ ಅಕ್ಕಾ? ಸುಮ್ನೆ ನಾಟಕನಾ ಇಷ್ಟು ವರ್ಷ?”

ಅವರು ಕಿಟಕಿಯ ಕಡೆ ತಿರುಗಿಕೊಂಡರು. “ಬೇಕಿತ್ತು ಕಣೋ. ತುಂಬಾ ಬೇಕಿತ್ತು,” ಎಂದರು, ಕಣ್ಣಲ್ಲಿ ನೀರಿತ್ತು. ಆಮೇಲೆ, “ಆದ್ರೆ ಅದನ್ನ ಕಸದ ಡಬ್ಬಿಗೆ ಹಾಕಿಬಿಟ್ಟಿದ್ರೆ ಯಾವತ್ತೂ ಗೊತ್ತಾಗ್ತಿರ್ಲಿಲ್ಲ” ಎಂದು ಖಾಲಿ ಕಾಡತೂಸನ್ನು ಅವನ ಮುಂದೆ ಹಿಡಿದರು. ಅಂಚಿನಲ್ಲಿ ಎದುರುಬದುರಾಗಿ ಎರಡು ಗುರುತುಗಳಿದ್ದವು. ಕೆಂಪು ದೀಪದಲ್ಲಿ ಕಾರು ನಿಂತಾಗ ತಮ್ಮ ಅದನ್ನು ಒರಟಾಗಿ ಕಿತ್ತುಕೊಂಡು ನೋಡಿದ, ತಿರುಗಿಸಿ ನೋಡಿದ. ದೀಪ ಹಸಿರಾಗಿ, ಹಿಂದಿನವರು ಹಾರನ್ ಒತ್ತತೊಡಗಿದರು.

“ಅದ್ಸರಿ,” ಎಂದ ಅವನು, “ಹೊತ್ತಿಕೊಂಡ ಮೇಲೂ ಗುಂಡು ಕೆಳಗೆ ಯಾಕೆ ಬಿತ್ತು?”

ಇಂಥ ಜನರನ್ನು ಗೆಲುವು ಬೇಡದ ವಿರಾಗಿಗಳೆಂದು ನಾವು ಭಾವಿಸುವುದು ತಪ್ಪು. ಅವರಿಗೂ ಗೆಲ್ಲುವಾಸೆ ಇದೆ. ಸೋತರೆ ನಮ್ಮ ಹಾಗೆಯೇ ಅಳು ಬರುತ್ತದೆ. ಆದರೂ ಒಂದು ಕಡೆ ಗೆಲುವು, ಇನ್ನೊಂದು ಕಡೆ ಬಿಡಿಸದ ಗಂಟು ಇದ್ದರೆ ಅವರ ಬೆರಳು ಗಂಟಿನ ಕಡೆಗೇ ಹೋಗುತ್ತದೆ. ಅವರನ್ನು ಕಟ್ಟಿಕೊಂಡು ಬಾಳುವವರ ಪಾಡು ಅದಕ್ಕಿಂತ ವಿಚಿತ್ರ: ಬೈಯುವುದಕ್ಕೆಂದೇ ಹೊರಟವರು, ಅರ್ಧ ದಾರಿಯಲ್ಲಿ, ತಾವೂ ಗಂಟು ಬಿಚ್ಚುತ್ತ ಕೂತಿರುತ್ತಾರೆ.